ಹಿಮನಾಡಿನ ಪತಂಗವೂ ಜಯಮ್ಮನ ಹುಳುಮನೆಯೂ

ಸತ್ತದ್ದು ಜಯಮ್ಮನ ರೇಷ್ಮೆಹುಳುಗಳು. ಕೆಟ್ಟದ್ದು ಜಯಮ್ಮನ ಹೆಸರು. ತಪ್ಪು ಮಾಡಿದ ನಮ್ಮ ಪೈಕಿ ಯಾರ ಕೆಲಸಕ್ಕೂ ಕುತ್ತು ಬರಲಿಲ್ಲ, ಯಾರನ್ನೂ ಯಾರೂ ಬೀದಿಯಲ್ಲಿ ನಿಲ್ಲಿಸಿ ಕಾರಣ ಕೇಳಲಿಲ್ಲ. ‘ನಮ್ಮ ಪೈಕಿ’ ಎನ್ನುವಾಗ ನನ್ನನ್ನು ಮೊದಲು ಸೇರಿಸಿಕೊಂಡೇ ಬರೆಯುತ್ತಿದ್ದೇನೆ. ಉಳಿದವರ ಸರದಿ ಮುಂದೆ ಬರುತ್ತದೆ.

ಹೋದ ವಾರ ಪಾಂಡವಪುರದಿಂದ ಕೃಷ್ಣರಾಜಪೇಟೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ರಸ್ತೆ ಬದಿಯ ಹೊಲದಲ್ಲಿ ಯಾರೋ ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಔಷಧಿ ಹೊಡೆಯುತ್ತಿದ್ದರು. ಸೀಮೆಎಣ್ಣೆಯೂ ಕೊಳೆತ ಬೆಳ್ಳುಳ್ಳಿಯೂ ಬೆರೆತಂಥ ವಾಸನೆ ಬಸ್ಸಿನೊಳಗೆ ನುಗ್ಗಿತು. ಪಕ್ಕದಲ್ಲಿದ್ದ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡು, ಈಗ ಹೋಗುತ್ತದೆ ಬಿಡಿ ಎಂದು ನನಗೆ ಸಮಾಧಾನ ಹೇಳಿದಳು. ಒಂದೇ ನಿಮಿಷದಲ್ಲಿ ಬಸ್ಸು ಆ ಗಾಳಿಯನ್ನು ದಾಟಿತು. ನಾನು ದಾಟಲಿಲ್ಲ. ಮುಂದಿನ ನಿಲ್ದಾಣದಲ್ಲಿ ಇಳಿದು, ಬೇವಿನ ಮರವೊಂದರ ಕೆಳಗೆ ಕಲ್ಲುಬೆಂಚಿನ ಮೇಲೆ ಬಹಳ ಹೊತ್ತು ಕೂತೆ. ಎರಡು ವರ್ಷದ ಹಿಂದಿನ ಒಂದು ಮುಂಗಾರಿನ ಬೆಳಗ್ಗೆ ಅಲ್ಲಿಗೇ ಬಂದು ನನ್ನ ಎದುರು ಕೂತಿತು. ಅದನ್ನು ನಿಮಗೆ ಹೇಳದೆ ನನಗೆ ಬೇರೆ ದಾರಿಯಿಲ್ಲ.

ಮೊದಲು ನನ್ನ ವಿಷಯ ಸ್ವಲ್ಪ ಹೇಳಬೇಕು. ನಾನು ಜೀವಶಾಸ್ತ್ರ ಕಲಿಸುತ್ತಿದ್ದ ಹೈಸ್ಕೂಲು ಟೀಚರು; ನಿವೃತ್ತಳಾಗಿ ಶ್ರೀರಂಗಪಟ್ಟಣದಲ್ಲಿ ಮನೆ ಮಾಡಿಕೊಂಡಿದ್ದೇನೆ. ಚಿಕ್ಕಂದಿನಲ್ಲಿ ನಮ್ಮ ತಂದೆ ನನ್ನನ್ನು ಸೇರಿಸಿದ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಯ ಬದಲು ದಿನಪತ್ರಿಕೆ ಓದಿಸುತ್ತಿದ್ದರು. ಓದಿ ಮುಗಿದ ಮೇಲೆ ಮೇಷ್ಟ್ರು ಎರಡೇ ಪ್ರಶ್ನೆ ಕೇಳುತ್ತಿದ್ದರು: ಇಲ್ಲಿ ಅನ್ಯಾಯವಾಗಿರುವುದು ಯಾರಿಗೆ, ಮಾಡಿದವರು ಯಾರು? ಈ ಶಿಕ್ಷಣ ನನ್ನಲ್ಲಿ ಎಷ್ಟು ಆಳಕ್ಕೆ ಇಳಿಯಿತೆಂದರೆ, ಮದುವೆ ಮನೆಯ ಪಂಕ್ತಿಯಲ್ಲಿ ಹೋಳಿಗೆ ಯಾವ ಸಾಲಿಗೆ ಎರಡನೆಯ ಸಲ ಹೋಯಿತು, ಯಾವ ಸಾಲಿಗೆ ಹೋಗಲಿಲ್ಲ ಎಂಬುದನ್ನು ಹತ್ತು ವರ್ಷದ ನಾನು ಎದ್ದು ನಿಂತು ಪ್ರಶ್ನಿಸಿ, ಅಮ್ಮನಿಂದ ತೊಡೆ ಚಿವುಟಿಸಿಕೊಂಡಿದ್ದೆ. ಚಿವುಟಿದ ನೋವು ಆ ಸಂಜೆಗೇ ಹೋಯಿತು, ಅಭ್ಯಾಸ ಉಳಿಯಿತು.

ಪಾಂಡವಪುರದಲ್ಲಿ ನಮ್ಮದೊಂದು ಪುಟ್ಟ ಪರಿಸರ ಬಳಗವಿದೆ. ಭಾನುವಾರ ಟ್ಯೂಷನ್ ಕೋಣೆಯೊಂದರಲ್ಲಿ ಸೇರುತ್ತೇವೆ, ಹಕ್ಕಿ ಹುಳುಗಳ ಫೋಟೊ ನೋಡುತ್ತೇವೆ, ಕೊನೆಯಲ್ಲಿ ಅರ್ಜಿ ಬರೆಯುತ್ತೇವೆ. ಬರೆಯುವವಳು ನಾನು. ನಾಲೆಯ ಏರಿಯ ಮೇಲಿನ ಮರಗಳಿಗೆ, ಕೆರೆಗೆ ಬೀಳುವ ಕೊಳಚೆಗೆ, ಬಸ್ ನಿಲ್ದಾಣದಲ್ಲಿ ಬೀಗ ಜಡಿದ ಹೆಂಗಸರ ಶೌಚಾಲಯಕ್ಕೆ, ಎಲ್ಲಕ್ಕೂ ಅರ್ಜಿ. ಪ್ರತಿ ಅರ್ಜಿಯ ಕೊನೆಯ ವಾಕ್ಯ ನನ್ನ ಕಂಪ್ಯೂಟರಿನಲ್ಲಿ ಸಿದ್ಧವಾಗಿಯೇ ಇತ್ತು: ‘ಆದ್ದರಿಂದ ಸಂಬಂಧಪಟ್ಟವರು ತಕ್ಷಣ ಕ್ರಮ ಕೈಗೊಳ್ಳಬೇಕೆಂದು ಒತ್ತಾಯಿಸುತ್ತೇವೆ.’ ಅದರ ಮೇಲಿನ ಭಾಗ ಮಾತ್ರ ಬದಲಾಗುತ್ತಿತ್ತು. ಇಷ್ಟು ವರ್ಷಗಳಲ್ಲಿ ಯಾರೂ ತಕ್ಷಣ ಕ್ರಮ ಕೈಗೊಂಡಿರಲಿಲ್ಲವಾದ್ದರಿಂದ ಆ ವಾಕ್ಯಕ್ಕೆ ಏನು ಅರ್ಥವಿದೆ ಎಂದು ಯೋಚಿಸುವ ಪ್ರಸಂಗವೇ ನನಗೆ ಒದಗಿರಲಿಲ್ಲ.

ಬಳಗದ ಸದಸ್ಯರಲ್ಲಿ ನಾಗರಾಜಾಚಾರಿ ಒಬ್ಬರು. ಕೃಷ್ಣರಾಜಪೇಟೆಯಲ್ಲಿ ಅವರದು ಚಿನ್ನ ಬೆಳ್ಳಿ ಕೆಲಸದ ಚಿಕ್ಕ ಅಂಗಡಿ. ಮೂಗುಬೊಟ್ಟಿನ ಹರಳು ಕೂರಿಸುವ ಕಣ್ಣಿಗೆ ಹುಳು ಹುಪ್ಪಟೆಗಳ ಅಂದ ತಾನಾಗಿ ಕಂಡಿತೆಂದು ಅವರು ಹೇಳುತ್ತಾರೆ. ಅವರ ಪತ್ನಿಯ ತವರು, ಕೃಷ್ಣರಾಜಪೇಟೆ ತಾಲ್ಲೂಕು ಮುಗಿದು ನಾಗಮಂಗಲದ ಸೀಮೆ ಶುರುವಾಗುವ ಕಡೆ ಒಂದು ಊರು. ಮಳೆ ಬಿಟ್ಟ ಒಂದು ಮಧ್ಯಾಹ್ನ ಅಲ್ಲಿಂದ ನನಗೊಂದು ಫೋಟೊ ಕಳಿಸಿದರು. ಹೊಲದ ಬದುವಿನ ಕಲ್ಲಿನ ಮೇಲೆ ಅರ್ಧ ರೆಕ್ಕೆ ಬಿಚ್ಚಿ ಕೂತ ಒಂದು ಪತಂಗ. ಮುಂದಿನ ರೆಕ್ಕೆ ಕಂದು, ಹಿಂದಿನದು ಕಪ್ಪು ಅಂಚಿನ ಕಿತ್ತಳೆ ಹಳದಿ. ಫೋಟೊ ಅಲುಗಿತ್ತು. ಬದುವಿನ ಉದ್ದಕ್ಕೂ ನೂರಾರು ಇವೆ, ಪತಂಗವಾಗಿದ್ದೂ ಹಾಡಹಗಲೇ ಹಾರುತ್ತಿವೆ, ಇದೇನು ಮೇಡಮ್ಮೋರೆ ಎಂದು ಕೆಳಗೆ ಬರೆದಿದ್ದರು.

ನಾನು ಆ ಫೋಟೊವನ್ನು ಮೊಬೈಲಿನ ಆ್ಯಪ್ ಒಂದಕ್ಕೆ ಹಾಕಿದೆ. ಅದು ಕ್ಷಣಮಾತ್ರದಲ್ಲಿ ಲ್ಯಾಟಿನ್ ಹೆಸರೊಂದನ್ನು ಹೇಳಿ, ಜೊತೆಗೆ ಭೂಪಟ ತೋರಿಸಿತು. ಭೂಪಟದಲ್ಲಿ ಬಣ್ಣ ಬಳಿದಿದ್ದದ್ದು ಉತ್ತರ ಧ್ರುವದ ಸುತ್ತಲಿನ ಹಿಮನಾಡಿಗೆ, ಮರವೇ ಬೆಳೆಯದ ಟಂಡ್ರಾ ಬಯಲಿಗೆ.

ಆ ಸಂಜೆ ನಾನು ಓದಿದ್ದನ್ನು ನೀವೂ ಕೇಳಬೇಕು. ಏಕೆಂದರೆ ನನ್ನ ಬುದ್ಧಿ ಎಲ್ಲಿ ಜಾರಿತೆಂಬುದು ಅದರಲ್ಲಿದೆ. ಅಲ್ಲಿ ಬೇಸಿಗೆಯಲ್ಲಿ ಸೂರ್ಯ ಮುಳುಗುವುದೇ ಇಲ್ಲ. ರಾತ್ರಿಯೇ ಇಲ್ಲದ ಮೇಲೆ ಪತಂಗಕ್ಕೆ ಹಗಲಲ್ಲಿ ಹಾರದೆ ವಿಧಿಯಿಲ್ಲ. ಉಗುರಿನಷ್ಟು ಪುಟ್ಟ ಪತಂಗ. ಮೈತುಂಬ ಕಂಬಳಿ ಹೊದ್ದಂತೆ ದಟ್ಟ ರೋಮ. ಬಿಸಿಲನ್ನು ಹೀರಿಕೊಳ್ಳಲು ಕಪ್ಪು ಬೆರೆತ ಮುಂದಿನ ರೆಕ್ಕೆ. ಕಲ್ಲಿನ ಮೇಲೆ ಸೂರ್ಯನತ್ತ ಮೈಯೊಡ್ಡಿ ಕೂತು, ಕಾದ ಮೇಲೆ ನೆಲಕ್ಕೆ ತಾಗುವಷ್ಟು ಕೆಳಗೆ ಬಾಣದಂತೆ ಹಾರುತ್ತದೆ. ಒಂದು ಮೋಡ ಅಡ್ಡ ಬಂದರೆ ಸಾಕು, ಹಾರುತ್ತಿದ್ದುದು ಅಲ್ಲೇ ಹುಲ್ಲಿಗೆ ಬಿದ್ದು, ಬಿಸಿಲು ಬರುವವರೆಗೆ ಅಲುಗುವುದಿಲ್ಲ. ಅಲ್ಲಿನ ಬೇಸಿಗೆ ಎಷ್ಟು ಗಿಡ್ಡವೆಂದರೆ ಇಂಥ ಕೆಲವು ಪತಂಗಗಳ ಮರಿಹುಳುವಿಗೆ ಬೆಳೆದು ಮುಗಿಯಲು ಒಂದು ಬೇಸಿಗೆ ಸಾಲದು; ನಡುವಿನ ಚಳಿಗಾಲವನ್ನು ಹಿಮದಡಿ ಮಲಗಿ ಕಳೆದು, ಮರುವರ್ಷ ಎದ್ದು ಮತ್ತೆ ಮೇಯುತ್ತದೆ. ಓದುತ್ತ ಓದುತ್ತ ನನ್ನ ಕಣ್ಣು ತುಂಬಿತು. ಅಂಥದೊಂದು ಜೀವ ರಾಗಿ ಹೊಲದ ಬದುವಿಗೆ ಬಂದಿದ್ದರೆ ಅದರ ಹಿಂದೆ ಎಷ್ಟು ದೊಡ್ಡ ಅನ್ಯಾಯವಿರಬೇಕು! ಬಿಸಿಯಾಗುತ್ತಿರುವ ಭೂಮಿ, ಹಡಗುಗಳಲ್ಲಿ ಬರುವ ಮರದ ದಿಮ್ಮಿ, ತಪಾಸಣೆಯಿಲ್ಲದ ಬಂದರು. ಮಾಡಿದವರ ಪಟ್ಟಿ ನನ್ನ ತಲೆಯಲ್ಲಿ ಉದ್ದವಾಗುತ್ತ ಹೋಯಿತು.

ಆ ಪಟ್ಟಿಯ ಅಡಿಯಲ್ಲಿ ಇನ್ನೊಂದು ಆಸೆಯೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಜಿಲ್ಲೆಯಲ್ಲಿ ಈ ಪತಂಗವನ್ನು ಮೊದಲು ಗುರುತಿಸಿದವಳು ನಾನೆಂದು ಎಲ್ಲಾದರೂ ದಾಖಲಾಗಬೇಕೆಂಬ ಆಸೆ.

ಹೋಗಿ ನೋಡಬೇಕಿತ್ತು, ಹೋಗಲಿಲ್ಲ. ಜಿನುಗುಮಳೆ ಹಿಡಿದಿತ್ತು, ಕೊಡೆಯನ್ನು ರಿಪೇರಿಗೆ ಕೊಟ್ಟಿದ್ದೆ. ಜಗತ್ತಿನ ಹವಾಮಾನದ ಬಗ್ಗೆ ಅಷ್ಟು ಚಿಂತಿಸಿದವಳು ಶ್ರೀರಂಗಪಟ್ಟಣದ ಹವಾಮಾನಕ್ಕೆ ಹೆದರಿ ಮನೆಯಲ್ಲಿ ಕೂತೆ. ಕೂತು ಕೃಷಿ ಇಲಾಖೆಗೆ ಅರ್ಜಿ ಬರೆದೆ. ಹಿಮನಾಡಿನ ಪತಂಗ ಪ್ರಭೇದವೊಂದು ಇಂಥ ಊರಿನ ಬದುಗಳಲ್ಲಿ ಭಾರೀ ಸಂಖ್ಯೆಯಲ್ಲಿ ಕಾಣಿಸಿಕೊಂಡಿದೆ, ಇದು ಹೊರದೇಶದ ಆಕ್ರಮಣಕಾರಿ ಕೀಟವಾಗಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ ಎಂದು ಬರೆದು, ಕೆಳಗೆ ಆ ಸಿದ್ಧ ವಾಕ್ಯವನ್ನು ಇಟ್ಟು ಕಳಿಸಿದೆ. ನನ್ನ ಮನಸ್ಸಿನಲ್ಲಿದ್ದುದು ತಿಳಿದವರು ಬಂದು ಪರಿಶೀಲಿಸಲಿ ಎಂಬುದು. ಕಾಗದದ ಮೇಲಿದ್ದುದು ತಕ್ಷಣ ಕ್ರಮ.

ಹತ್ತು ದಿನ ಏನೂ ನಡೆಯಲಿಲ್ಲ. ನನಗೆ ಅದರಲ್ಲಿ ಆಶ್ಚರ್ಯವೂ ಇರಲಿಲ್ಲ. ಹನ್ನೊಂದನೆಯ ದಿನ ಬೆಳಗ್ಗೆ ನಾಗರಾಜಾಚಾರಿ ಫೋನು ಮಾಡಿ, ಒಂದು ಪತಂಗ ಸಿಕ್ಕಿದೆ, ಜೀವಂತವಾಗಿದೆ, ಬನ್ನಿ ಎಂದರು. ಒಂಬತ್ತೂವರೆಗೆ ನಾನು ಅವರ ಅಂಗಡಿಯಲ್ಲಿದ್ದೆ. ಒಡವೆ ಸುತ್ತಿಕೊಡುವ ಗುಲಾಬಿ ಕಾಗದದ ಮೇಲೆ, ಉಂಗುರದ ಪುಟ್ಟ ಡಬ್ಬಿಯೊಳಗೆ ನಮ್ಮ ಅತಿಥಿ ಕೂತಿದ್ದ. ಆಚಾರರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿದರು.

“ಮೇಡಮ್ಮೋರೆ, ಕಂಬ್ಳಿ ಒದ್ಕಂಡದೆ ಅಂದಿದ್ರಿ. ಇದ್ರ ಮೈಯಾಗೆ ಅಂಥ ಕೂದ್ಲೇ ಇಲ್ವಲ್ಲ” ಎಂದರು.

ನಾನು ಗಾಜನ್ನು ಈಸಿಕೊಂಡು ನೋಡಿದೆ. ಮೈ ಬಿಸಿಲು ಸೀಮೆಯ ಹುಳುವಿನ ನಯವಾದ ಮೈ. ಮುಂದಿನ ರೆಕ್ಕೆಯ ಕಂದಿನ ನಡುವೆ ಬುಡದಿಂದ ಹೊರಟ ಒಂದು ಕೆನೆಬಣ್ಣದ ಗೀರು, ಕುಂಚವನ್ನು ಒಂದೇ ಸಲ ಎಳೆದು ಬಿಟ್ಟಂತೆ. ಅಲುಗಿದ ಫೋಟೊದಲ್ಲಿ ಅದು ಬಿಸಿಲಿನ ಹೊಳಪೆಂದುಕೊಂಡಿದ್ದೆ. ಎಲ್ಲಕ್ಕಿಂತ ಮುಖ್ಯವಾಗಿ ತಲೆಯ ಮೇಲಿನ ಕುಡಿಮೀಸೆ: ದಾರದಂತೆ ಒಂದೇ ದಪ್ಪಕ್ಕೆ ಇರಬೇಕಿದ್ದ ಮೀಸೆ ಇಲ್ಲಿ ತುದಿಗೆ ಹೋಗುತ್ತ ದಪ್ಪವಾಗಿ, ಕೊನೆಯಲ್ಲಿ ಸ್ವಲ್ಪ ಕೊಂಕಿತ್ತು. ಇಂಥ ಮೀಸೆಯ, ಹಗಲಲ್ಲಿ ಹಾರುವ, ಕಿತ್ತಳೆ ಹಳದಿ ಹಿಂರೆಕ್ಕೆಯ ಪತಂಗಗಳು ನಮ್ಮ ಬಯಲುಸೀಮೆಯಲ್ಲಿ ತಲೆತಲಾಂತರದಿಂದ ಇರುವಂಥವು. ಮೂವತ್ತು ವರ್ಷ ಜೀವಶಾಸ್ತ್ರ ಕಲಿಸಿದ ನಾನು ಪಕ್ಕದ ಊರಿನ ಹುಳುವನ್ನು ಧ್ರುವಪ್ರದೇಶದಿಂದ ಬರಮಾಡಿಕೊಂಡಿದ್ದೆ.

ನಗು ಬಂತು. ಆಚಾರರೂ ನಕ್ಕರು. ಅರ್ಜಿಯನ್ನು ಹೇಗೂ ಯಾರೂ ಓದಿರುವುದಿಲ್ಲ, ನಾಚಿಕೆ ನಮ್ಮಿಬ್ಬರಲ್ಲೇ ಉಳಿಯಿತು ಎಂದು ಸಮಾಧಾನ ಮಾಡಿಕೊಂಡೆವು. ಆ ಸಮಾಧಾನ ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತೂ ಉಳಿಯಲಿಲ್ಲ. ಕಾಲುಂಗುರ ಸರಿ ಮಾಡಿಸಲು ಬಂದಿದ್ದ ಒಬ್ಬಾಕೆ ಬಾಗಿಲಲ್ಲೇ ನಿಂತು, ಬೇಗ ಕೊಡಿ ಆಚಾರ್ರೆ, ಇವತ್ತು ಹನ್ನೊಂದಕ್ಕೆ ನಮ್ಮೂರಲ್ಲಿ ಡ್ರೋನು ಬಿಡುತ್ತಾರಂತೆ, ಅದೆಂಥದೋ ಪರದೇಶದ ಚಿಟ್ಟೆಗೆ ಔಷಧಿ ಹೊಡೆಯಲು, ನೋಡಬೇಕು ಎಂದಳು. ಅದು ಅದೇ ಊರು.

ಗೋಡೆಯ ಗಡಿಯಾರದಲ್ಲಿ ಹತ್ತೂಕಾಲು.

ಆಚಾರರು ಅಂಗಡಿಯ ಬಾಗಿಲನ್ನು ಅರ್ಧ ಎಳೆದು, ಪಕ್ಕದ ಅಂಗಡಿಯವರಿಗೆ ನೋಡಿಕೊಳ್ಳಲು ಹೇಳಿ ಸ್ಕೂಟರು ತೆಗೆದರು. ದಾರಿಯುದ್ದಕ್ಕೂ ನಾನು ಹಿಂದೆ ಕೂತು ಇಲಾಖೆಯ ಅಧಿಕಾರಿಗೆ ಫೋನು ಮಾಡುತ್ತ ಹೋದೆ. ರಿಂಗಾಗುತ್ತಿತ್ತು, ಎತ್ತುತ್ತಿರಲಿಲ್ಲ. ಆಗ ನನ್ನ ಕಣ್ಣೆದುರು ಇನ್ನೂ ಜಯಮ್ಮ ಇರಲಿಲ್ಲ. ಆಕೆಯ ಪರಿಚಯವೇ ನನಗಿರಲಿಲ್ಲ. ನನ್ನ ಆತಂಕವೆಲ್ಲ ಪತಂಗದ ಬಗ್ಗೆ, ಮತ್ತು ನಿಜ ಹೇಳಬೇಕೆಂದರೆ, ನನ್ನ ಮರ್ಯಾದೆಯ ಬಗ್ಗೆ.

ಊರ ಮುಂದಿನ ಬದುವಿನ ಮೇಲೆ ಅಷ್ಟರಲ್ಲೇ ಜನ ಸೇರಿದ್ದರು. ನಡುವೆ ದೊಡ್ಡ ಜೇಡನಂತೆ ಕಾಲೂರಿ ಡ್ರೋನು ನಿಂತಿತ್ತು. ಬೇರೆ ಊರಿನಿಂದ ಬಾಡಿಗೆಗೆ ಬಂದಿದ್ದ ಇಬ್ಬರು ಅದರ ತೊಟ್ಟಿಗೆ ಔಷಧಿ ಬೆರೆಸಿದ ನೀರು ಸುರಿಯುತ್ತಿದ್ದರು. ಪತಂಗಗಳು ಅವರ ಕಾಲಿನ ಸುತ್ತಲೇ ಹಳದಿ ಮಿಂಚಿನಂತೆ ಹಾರುತ್ತಿದ್ದವು.

“ಐಸ್ ದೇಸದ್ ಚಿಟ್ಟೆ ಅಂತೆ ಕಣ್ಲಾ. ಸೆಟರು ಟೋಪಿ ಎಲ್ಲಾನೂ ಅಲ್ಲೇ ಬಿಚ್ಚಾಕಿ ಬಂದ್ಬುಟ್ಟದೆ” ಎಂದು ಟವೆಲು ಹೊದ್ದ ಒಬ್ಬರು ಹೇಳಿದರು.

“ನೀನ್ ಸುಮ್ನಿರ್ಲಾ. ನಮ್ಮೂರ್ ಎಣ್ಣೇ ಮದ್ವೆ ಆಗ್ಬೇಕು ಅಂತ ಬಂದಿರ್ಬೇಕು” ಎಂದು ಮತ್ತೊಬ್ಬರು ಹೇಳಿದಾಗ ಎಲ್ಲರೂ ನಕ್ಕರು.

ಕೊನೆಗೂ ಅಧಿಕಾರಿ ಫೋನೆತ್ತಿದರು. ನಾನು ನಡೆದದ್ದನ್ನೆಲ್ಲ ಹೇಳಿ, ತಪ್ಪು ನನ್ನದು, ದಯವಿಟ್ಟು ನಿಲ್ಲಿಸಿ ಎಂದೆ. ಅವರು ಕೋಪಿಸಿಕೊಳ್ಳಲಿಲ್ಲ. ಡ್ರೋನು ಪ್ರಾತ್ಯಕ್ಷಿಕೆಗೆ ಸೂಕ್ತ ಸ್ಥಳ ಹುಡುಕುತ್ತಿದ್ದಾಗಲೇ ನಿಮ್ಮ ಅರ್ಜಿ ಬಂತು, ಮೇಲಿನವರಿಗೆ ವರದಿಯೂ ಹೋಗಿದೆ ಎಂದು ಸಮಾಧಾನದಿಂದ ವಿವರಿಸಿದರು. ಬಂದು ಪತಂಗವನ್ನು ನೋಡಿದ್ದೀರಾ ಎಂದು ಕೇಳಿದೆ. ನೀವು ನೋಡಿದ್ದೀರಲ್ಲ ಎಂದರು.

“ಮೇಡಂ, ಇಷ್ಟು ವರ್ಷ ಕ್ರಮ ತಗೊಳ್ಳಲ್ಲ ಅಂತ ಬರೆದ್ರಿ. ಇವತ್ತು ತಗೊಂಡ್ರೆ ಬೇಡ ಅಂತೀರಿ. ಬೇಡ ಅನ್ನೋದನ್ನೂ ಬರವಣಿಗೆಯಲ್ಲಿ ಕೊಟ್ಬಿಡಿ, ಫೋಟೊ ತೆಗೆದು ಕಳಿಸಿ, ನಿಲ್ಲಿಸೋಣ” ಎಂದು ಫೋನಿಟ್ಟರು.

ನಾನು ಚೀಲದಿಂದ ಹಾಳೆ ತೆಗೆಯುತ್ತಿದ್ದಾಗ ಜಯಮ್ಮ ಬಂದಳು. ಐವತ್ತರ ಆಸುಪಾಸಿನ ಹೆಂಗಸು. ತಲೆಯ ಮೇಲೆ ಹಿಪ್ಪುನೇರಳೆ ಕಡ್ಡಿಯ ಹೊರೆ, ಸೊಂಟದಲ್ಲಿ ಕುಡುಗೋಲು, ಮಡಿಲಲ್ಲಿ ಸಾರಿಗೆಂದು ಕಿತ್ತ ಬೆರಕೆ ಸೊಪ್ಪು. ಹೊರೆ ಇಳಿಸದೆ ನಿಂತು, ಯಾವ ಚಿಟ್ಟೆಗೆ ಇಷ್ಟೆಲ್ಲ ಎಂದು ಕೇಳಿದಳು. ಆಚಾರರು ಜೇಬಿನಲ್ಲಿ ತಂದಿದ್ದ ಉಂಗುರದ ಡಬ್ಬಿ ತೆರೆದು ತೋರಿಸಿದರು. ಅವಳು ಒಂದು ಕ್ಷಣ ನೋಡಿ, ಮಡಿಲಿನ ಸೊಪ್ಪಿನಿಂದ ಕೊಮ್ಮೆಯ ಒಂದು ಬಳ್ಳಿಯನ್ನು ಎಳೆದಳು. ಅದರ ಎಲೆಯಡಿ ಒಂದು ಮರಿಹುಳು: ಬಿಳಿಯ ಮೈ, ಕಪ್ಪು ಚುಕ್ಕೆ, ಕಿತ್ತಳೆಯ ಪಟ್ಟೆ, ಅಲ್ಲೊಂದು ಇಲ್ಲೊಂದು ಕೂದಲು.

“ಇದ್ರ ತಾಯೇ ಅದು. ಕೊಮ್ಮೆ ಸೊಪ್ಪು ಬುಟ್ಟು ಬ್ಯಾರೇದ್ ಮುಟ್ಟಾಕಿಲ್ಲ. ರಾಗಿಗೂ ಬರಾಕಿಲ್ಲ, ನಮ್ ಕಡ್ಡಿಗೂ ಬರಾಕಿಲ್ಲ. ಒದ್ರಿ ಆಕಿ ಸಾರ್ ಮಾಡ್ತೀವಿ” ಎಂದಳು.

ಭೂತಗನ್ನಡಿಯಿಂದ ನಾನು ಕಷ್ಟಪಟ್ಟು ತಲುಪಿದ ಸತ್ಯವನ್ನು ಆಕೆ ಸೊಪ್ಪಿನ ಕಡೆಯಿಂದ ಬಂದು ನಿರಾಯಾಸವಾಗಿ ಮುಟ್ಟಿದ್ದಳು. ನಾನು ಹುಳುವಿನ ಹೆಸರು ಕೇಳಿದ್ದೆ. ಆಕೆಗೆ ಅದರ ಊಟ ಗೊತ್ತಿತ್ತು. ಅದನ್ನು ಮೆಚ್ಚಿಕೊಳ್ಳುತ್ತ ನಾನು ನಿಂತಿರುವಾಗ ಜಯಮ್ಮ ಬೇರೇನನ್ನೋ ನೋಡುತ್ತಿದ್ದಳು. ಅಲ್ಲಿ ಸೇರಿದ್ದ ಅಷ್ಟೂ ಜನರಲ್ಲಿ ಗಾಳಿಯ ಕಡೆ ನೋಡಿದವಳು ಅವಳೊಬ್ಬಳೇ. ಮುಂಗಾರಿನ ಗಾಳಿ ಪಡುವಲಿಂದ ಬೀಸುತ್ತಿತ್ತು. ಬದುವಿನ ಮೂಡಣಕ್ಕೆ ಅವಳ ಹಿಪ್ಪುನೇರಳೆ ತೋಟ, ತೋಟದಾಚೆಗೆ ಅವಳ ಹುಳುಮನೆ.

“ಅಯ್ಯೋ, ಕಿಟ್ಕಿಯೆಲ್ಲ ತಗ್ದಿವ್ನಿ. ನಾಕ್ನೇ ಜ್ವರ ಎದ್ದವೆ ಉಳ. ನಮ್ಗ್ಯಾರೂ ಯೋಳ್ನೇ ಇಲ್ವಲ್ಲ” ಎಂದವಳೇ ಹೊರೆಯನ್ನು ಅಲ್ಲೇ ಕೆಡವಿ ಓಡಿದಳು.

ರೇಷ್ಮೆ ಸಾಕದವರಿಗೆ ಇಷ್ಟು ಹೇಳಬೇಕು. ಹುಳು ಬೆಳೆಯುತ್ತ ನಾಲ್ಕು ಸಲ ಮೇವು ಬಿಟ್ಟು ಮಲಗಿ ಪೊರೆ ಕಳಚುತ್ತದೆ. ಅದನ್ನು ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದ ಹುಳುವಿಗೆ ಮುಂದೆ ಒಂದು ವಾರ ಮೇಯುವುದೊಂದೇ ಕೆಲಸ, ಆಮೇಲೆ ಗೂಡು. ಆ ವಾರ ಅದಕ್ಕೆ ಯಥೇಚ್ಛ ಸೊಪ್ಪು ಬೇಕು, ಯಥೇಚ್ಛ ಗಾಳಿ ಬೇಕು. ಅದಕ್ಕೇ ಕಿಟಕಿಗಳನ್ನು ತೆರೆದಿಡುತ್ತಾರೆ.

ಈಗ ನಾನು ಮಾಡಿದ್ದನ್ನು ಹೇಳುತ್ತೇನೆ. ಡ್ರೋನಿನ ಮುಂದೆ ಹೋಗಿ ನಿಲ್ಲಬಹುದಿತ್ತು. ಆ ತೊಟ್ಟಿಯನ್ನು ಕಾಲಿನಿಂದ ಉರುಳಿಸಬಹುದಿತ್ತು. ಆ ಇಬ್ಬರಿಗೆ ಕೈಮುಗಿದು ಕಾಲು ಗಂಟೆ ತಡೆಯಿರಪ್ಪಾ ಎನ್ನಬಹುದಿತ್ತು. ನಾನು ಮೈಲಿಕಲ್ಲಿನ ಮೇಲೆ ಕೂತು ಪತ್ರ ಬರೆದೆ. ‘ಇವರಿಗೆ’, ‘ಇವರಿಂದ’, ‘ಮಾನ್ಯರೇ’. ವಿಷಯವೊಂದು ಸಾಲು, ಉಲ್ಲೇಖವೊಂದು ಸಾಲು. ನನ್ನ ಹಿಂದಿನ ಅರ್ಜಿಯನ್ನು ಏಕೆ ಹಿಂಪಡೆಯುತ್ತಿದ್ದೇನೆ ಎಂಬುದಕ್ಕೆ ನಾಲ್ಕು ಕಾರಣ, ಮೀಸೆಯ ರಚನೆಯಿಂದ ಆರಂಭಿಸಿ. ಒಂದು ಪದ ಸರಿಹೋಗದೆ ಹೊಡೆದು ಬೇರೆ ಬರೆದೆ. ಇಡೀ ಬದುಕು ಕಾಗದವನ್ನು ನಂಬಿದವರು ಮಾತ್ರ ಮಾಡಬಹುದಾದ ತಪ್ಪು ಅದು. ‘ಉಲ್ಲೇಖ’ ಎಂಬ ಪದದ ಅಡಿಯಲ್ಲಿ ನಾನು ಗೆರೆ ಎಳೆಯುತ್ತಿರುವಾಗ ಬದುವಿನ ಮೇಲಿಂದ ಜೇನು ಎದ್ದಂಥ ಸದ್ದು ಎದ್ದಿತು. ತಲೆಯೆತ್ತಿದೆ. ಡ್ರೋನು ಆಳೆತ್ತರಕ್ಕೆ ಏರಿ, ಹಿಂದೆ ಬಿಳಿಯ ತೆಳು ಪರದೆಯೊಂದನ್ನು ಬಿಡುತ್ತ ಸಾಗಿತು. ಜನ ಮೊಬೈಲು ಹಿಡಿದು ಅದರ ಜೊತೆಗೇ ನಡೆದರು. ಪರದೆ ಬದುವಿನ ಮೇಲೆ ಬೀಳಲಿಲ್ಲ. ಗಾಳಿಗೆ ವಾಲಿಕೊಂಡು, ಅವಸರವಿಲ್ಲದೆ, ಮೂಡಣಕ್ಕೆ ಹೋಯಿತು.

ಪತ್ರ ಹಿಡಿದು ಓಡಿದೆ. ಕೈಬೀಸಿ ಕೂಗಿದೆ. ಡ್ರೋನು ನಡೆಸುತ್ತಿದ್ದಾತ ನನ್ನತ್ತ ತಿರುಗಲೂ ಇಲ್ಲ. ಸಾಹೇಬರ ಫೋನು ಬಂದರೆ ಇಳಿಸುತ್ತೇವೆ ಎಂದು ಜೊತೆಯವನು ಹೇಳಿದ. ಸಾಹೇಬರಿಗೆ ಪತ್ರದ ಫೋಟೊ ಕಳಿಸಿದೆ. ಸಾಹೇಬರ ಫೋನು ಬಂತು, ಡ್ರೋನು ಇಳಿಯಿತು. ಅಷ್ಟರಲ್ಲಿ ಅದು ಮೂರು ಸಲ ಬದುವಿನ ತುದಿ ಮುಟ್ಟಿ ಬಂದಿತ್ತು.

ಹುಳುಮನೆಯ ಬಾಗಿಲಲ್ಲಿ ಸುಣ್ಣ ಚೆಲ್ಲಿತ್ತು. ಚಪ್ಪಲಿ ಹೊರಗೆ ಬಿಟ್ಟು, ಬಕೆಟ್ಟಿನಲ್ಲಿದ್ದ ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ಕೈ ತೊಳೆದು ಒಳಗೆ ಬರಬೇಕು. ಆ ಗಳಿಗೆಯಲ್ಲೂ ಜಯಮ್ಮ ನನ್ನಿಂದ ಕೈ ತೊಳೆಸಿದಳು. ಇದನ್ನು ನೆನಪಿಡಿ ಎಂದು ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ. ಕಿಟಕಿಗಳನ್ನೆಲ್ಲ ಆಕೆ ಮುಚ್ಚಿದ್ದಳು. ಆದರೆ ಒಳಗೆ ಆ ವಾಸನೆ ನನಗಿಂತ ಮೊದಲೇ ಬಂದಿತ್ತು.

ಸಾಲು ಸಾಲು ಅಟ್ಟಣಿಗೆಗಳ ಮೇಲೆ ಬೆರಳಿನಷ್ಟು ದಪ್ಪದ ಹುಳುಗಳು ಮೇಯುತ್ತಿದ್ದವು. ಒಣಕಾಗದ ಮುದುರಿದಂಥ ಸಣ್ಣ ಸದ್ದು ಕೋಣೆ ತುಂಬಿತ್ತು. ಜಯಮ್ಮ ಹತ್ತು ಹುಳುಗಳನ್ನು ಪ್ರತ್ಯೇಕ ತಟ್ಟೆಗೆ ತೆಗೆದು, ತೋಟದ ಅಂಚಿನಿಂದ ಆಗಷ್ಟೇ ಕಿತ್ತುತಂದ ಸೊಪ್ಪನ್ನು ಅವುಗಳ ಮೇಲೆ ಹಾಕಿದಳು. ಸೊಪ್ಪಿನ ಮೇಲೆ ಅನುಮಾನ ಬಂದಾಗ ಸಾಕುವವರು ಹೀಗೆ ಮಾಡುತ್ತಾರೆ. ಹತ್ತು ಹುಳು ಬದುಕಿದರೆ ಉಳಿದವಕ್ಕೆ ಆ ಸೊಪ್ಪು, ಇಲ್ಲದಿದ್ದರೆ ತಿಪ್ಪೆಗೆ. ಅವಳು ಮೊಣಕಾಲೂರಿ ತಟ್ಟೆಯ ಮುಂದೆ ಕೂತಳು. ನಾನೂ ಕೂತೆ. ಹುಳುಗಳು ಮೇದವು. ಎಷ್ಟು ಹೊತ್ತಾಯಿತೋ ತಿಳಿಯದು. ಏನೂ ಆಗಲಿಲ್ಲವಲ್ಲ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಒಂದು ಹುಳು ಮೇಯುವುದನ್ನು ನಿಲ್ಲಿಸಿ ತಲೆ ಎತ್ತಿತು. ಎತ್ತಿದ ತಲೆಯನ್ನು ಅತ್ತ ಇತ್ತ ಆಡಿಸಿತು. ಬಾಯಿಂದ ಕಂದು ನೀರು ಬಂತು.

ಜಯಮ್ಮ ಆ ತಟ್ಟೆಯನ್ನು ನೋಡುತ್ತಿರಲಿಲ್ಲ. ಅವಳು ಅಟ್ಟಣಿಗೆಯತ್ತ ಕಿವಿಯಿಟ್ಟಿದ್ದಳು. ಕಿಟಕಿಯ ಬದಿಯ ಸಾಲಿನಲ್ಲಿ ಮೇಯುವ ಸದ್ದು ನಿಂತಿತ್ತು. ಅಲ್ಲಿನ ಹುಳುಗಳಿಗೆ ಅವಳು ಆ ಸೊಪ್ಪನ್ನು ಹಾಕಿರಲೇ ಇಲ್ಲ. ಮುಂಜಾನೆ ಕೊಯ್ದ ಶುದ್ಧ ಸೊಪ್ಪಿನ ಮೇಲೇ, ತೆರೆದ ಕಿಟಕಿಯಿಂದ ಆ ಬಿಳಿಯ ಪರದೆ ಇಳಿದು ಹೋಗಿತ್ತು.

“ಎಲ್ಲಾ ತಲೆ ಎತ್ತವೆ ನೋಡಿ ಟೀಚರಮ್ಮ” ಎಂದಳು. ದನಿ ಏರಲಿಲ್ಲ.

ಸಂಜೆಯವರೆಗೆ ನಾವು ಮೂವರೂ ಒಳಗಿನ ಸಾಲಿನ ಹುಳುಗಳನ್ನು ಹೊಸ ಕಾಗದಕ್ಕೆ ಬಿಡಿಸಿ ಹಾಕಿದೆವು. ಆಚಾರರು ಸ್ಕೂಟರಿನಲ್ಲಿ ಪಕ್ಕದೂರಿನಿಂದ ಸೊಪ್ಪು ತಂದರು. ಮಾರನೆಯ ದಿನ ಬೆಳಗ್ಗೆ ಅವೂ ಮೇಯುವುದನ್ನು ನಿಲ್ಲಿಸಿದವು.

ಮೂರನೆಯ ದಿನ ಪರಿಶೀಲನೆಗೆಂದು ಇಲಾಖೆಯಿಂದ ಒಬ್ಬರು ಬಂದರು. ಕೈ ತೊಳೆಯದೆ ಒಳಗೆ ಬಂದರು. ಕೊಳೆಯತೊಡಗಿದ್ದ ಹುಳುಗಳನ್ನು ಕಡ್ಡಿಯಿಂದ ಕೆದಕಿ, ಮೂಗು ಮುಚ್ಚಿಕೊಂಡು, ಬಂದ ಜೀಪಿನಲ್ಲೇ ಹೋದರು. ಅರ್ಜಿಗಳಲ್ಲೇ ಬದುಕು ಸವೆಸಿದ ನನಗೆ ಅವರ ವರದಿಯ ಪ್ರತಿ ಬೇಗ ಸಿಕ್ಕಿತು. ‘ಸಾಕಣೆದಾರರು ಶುಚಿತ್ವ ಕಾಪಾಡದ ಕಾರಣ ರೋಗ ತಗುಲಿ ಹುಳುಗಳು ಸತ್ತಿರುತ್ತವೆ’ ಎಂದು ಅದರಲ್ಲಿತ್ತು. ಸಿಂಪಡಣೆಯ ಮಾತೇ ಇರಲಿಲ್ಲ. ಡ್ರೋನಿನ ಪ್ರಾತ್ಯಕ್ಷಿಕೆ ಯಶಸ್ವಿಯಾಯಿತೆಂದು ಇನ್ನೊಂದು ವರದಿಯಲ್ಲಿತ್ತು.

ಆ ಊರಿನ ನಾಲ್ಕೈದು ಮನೆಯವರು ಮೊಟ್ಟೆಯೊಡೆದ ಎಳೆಹುಳುಗಳನ್ನು, ಅಂದರೆ ಚಾಕಿಯನ್ನು, ಜಯಮ್ಮನ ಕೈಯಲ್ಲೇ ಸಾಕಿಸುತ್ತಿದ್ದರು. ಎಳೆಹುಳು ಹಸುಗೂಸಿನಂತೆ, ಚೊಕ್ಕ ಕೈ ಬೇಕು. ಆ ಕೈ ಜಯಮ್ಮನದೆಂದು ಊರಿಗೆ ಊರೇ ಹೇಳುತ್ತಿತ್ತು. ವರದಿಯ ಸುದ್ದಿ ಹರಡಿದ ಮೇಲೆ ಯಾರೂ ಅವಳನ್ನು ಬೈಯಲಿಲ್ಲ, ದೂರಲಿಲ್ಲ. ಮುಂದಿನ ಬೆಳೆಗೆ ಚಾಕಿ ಕೊಡಲು ಬರಲಿಲ್ಲ, ಅಷ್ಟೆ. ಬದುವಿನ ಮೇಲೆ ನಿಂತು ಡ್ರೋನನ್ನು ಕಣ್ಣಾರೆ ಕಂಡವರೇ, ಕಾಗದದಲ್ಲಿ ಬರೆದಿದ್ದನ್ನು ನಂಬಿದರು. ಅವರನ್ನು ದೂಷಿಸುವ ಯೋಗ್ಯತೆ ನನಗಿಲ್ಲ.

ಆಮೇಲೆ ನಾನು ಹಲವು ಪತ್ರ ಬರೆದೆ. ವರದಿ ತಿದ್ದಬೇಕೆಂದು, ಮರುಪರಿಶೀಲನೆ ಆಗಬೇಕೆಂದು. ಸ್ವೀಕೃತಿಗಳು ಬಂದವು. ಕಳೆದ ದೀಪಾವಳಿಗೆ ಮುಂಚೆ ಒಮ್ಮೆ ಜಯಮ್ಮನ ಮನೆಗೆ ಹೋಗಿದ್ದೆ. ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟು ನೀರು ಕೊಟ್ಟಳು. ಚಾಕಿಯ ತಟ್ಟೆಗಳನ್ನು ತೊಳೆದು ಬಿಸಿಲಿಗೆ ಒರಗಿಸಿದ್ದಳು. ಬಳಸದಿದ್ದರೂ ಪ್ರತಿವಾರ ತೊಳೆಯುತ್ತೇನೆ ಎಂದಳು. ಹೊರಡುವಾಗ ಬಾಗಿಲಿಗೆ ಬಂದು ನಿಂತಳು.

“ಊರ್ಗೆಲ್ಲಾ ಅರ್ಜಿ ಬರ್ದಿದ್ದೀರಿ ಟೀಚರಮ್ಮ. ನನ್ ಕೈ ಚೊಕ್ಕಾಗೇ ಅದೆ ಅಂತ ಒಂದ್ ಬರ್ಸ್ಕೊಡಿ. ನೀವ್ ಬರ್ದ್ರೆ ಆಗಾಕಿಲ್ಲ. ಕೊಳ್ಕು ಅಂತ ಬರ್ದೋರ್ ಕೈಯಾಗೇ ಬರ್ಸಿ.”

ಈಗ ನಮ್ಮ ಬಳಗಕ್ಕೆ ಯಾರಾದರೂ ಹುಳುವಿನ ಫೋಟೊ ಕಳಿಸಿದರೆ ನಾನು ಹೆಸರು ಹೇಳುವುದಿಲ್ಲ. ಯಾವ ಗಿಡದ ಮೇಲಿತ್ತು, ಮರಿ ಏನು ತಿನ್ನುತ್ತದೆ, ಸುತ್ತ ಯಾರ ಮನೆಯಿದೆ ಎಂದು ಕೇಳುತ್ತೇನೆ. ಕೇಳಿ, ಬಸ್ಸು ಹತ್ತುತ್ತೇನೆ. ಸದಸ್ಯರಿಗೆ ಇದು ಬೇಸರ ತಂದಿದೆ. ಒಂದಿಬ್ಬರು ಬಳಗ ಬಿಟ್ಟಿದ್ದಾರೆ. ಹಿಮನಾಡಿನ ಆ ಪುಟ್ಟ ಪತಂಗವನ್ನು ಒಮ್ಮೆಯಾದರೂ ನೋಡಬೇಕೆಂಬ ಆಸೆ ಮಾತ್ರ ನನಗಿನ್ನೂ ಇದೆ. ಅದು ಏನೂ ತಪ್ಪು ಮಾಡಿಲ್ಲ. ಇಲ್ಲಿಗೆ ಬಂದೂ ಇರಲಿಲ್ಲ.

ಇನ್ನು, ಸಂಬಂಧಪಟ್ಟವರಿಗೆ. ಪತಂಗವನ್ನು ನೋಡದೆ ಸಿಂಪಡಣೆಗೆ ಸಹಿ ಮಾಡಿದ ಅಧಿಕಾರಿಯವರೇ, ಗಾಳಿ ನೋಡದೆ ಡ್ರೋನು ಏರಿಸಿದ ಚಾಲಕರಿಬ್ಬರೇ, ಕೈ ತೊಳೆಯದೆ ಒಳಗೆ ಬಂದು ಜಯಮ್ಮನ ಶುಚಿತ್ವದ ಬಗ್ಗೆ ಬರೆದ ಪರಿಶೀಲಕರೇ, ನಿಮ್ಮೊಂದಿಗೆ ಐದನೆಯವಳಾಗಿ ನಾನೂ ನಿಂತಿದ್ದೇನೆ. ಆ ವರದಿಯಲ್ಲಿ ‘ರೋಗ’ ಎಂಬ ಪದವಿರುವ ಸಾಲನ್ನು ಹೊಡೆದು ಹಾಕಿ, ಅದರ ಜಾಗದಲ್ಲಿ ‘ತಪ್ಪು ಗುರುತಿನ ಮೇಲೆ ಮಾಡಿದ ಸಿಂಪಡಣೆ ಗಾಳಿಯಲ್ಲಿ ಬಂದು ಹುಳುಗಳು ಸತ್ತವು, ಸಾಕಣೆದಾರರ ದೋಷ ಯಾವುದೂ ಇಲ್ಲ’ ಎಂದು ನಿಮ್ಮ ಕೈಯಾರೆ ಬರೆಯಿರಿ. ಕೆಳಗೆ ಐದೂ ಜನರ ಹೆಸರಿರಲಿ, ಮೊದಲು ನನ್ನದು. ಮುಂದಿನ ಗ್ರಾಮಸಭೆಯಲ್ಲಿ, ಚಾಕಿ ಕೊಡುವುದನ್ನು ನಿಲ್ಲಿಸಿದ ಮನೆಗಳವರು ಕೂತು ಕೇಳುವಂತೆ, ಜಯಮ್ಮನ ಎದುರು ನಿಂತು ಅದನ್ನು ಓದಿ. ಓದಲು ನಿಮಗೆ ದನಿ ಬಾರದಿದ್ದರೆ ನಾನು ಓದುತ್ತೇನೆ. ಸಹಿ ಮಾತ್ರ ನೀವೇ ಮಾಡಬೇಕು.